ಮುನಿವೆಂಕಟಪ್ಪನ ಮೂವತ್ತು ಮಾತ್ರೆಗಳು

೧೯೪೩ರಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ಸಣ್ಣ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಊರಿನ ಹೆಸರು ಬೇಡ. ಯುದ್ಧದ ಕಾಲವಾದ್ದರಿಂದ ಅಸ್ಸಾಮಿನ ಗಡಿಯಲ್ಲಿ ರಸ್ತೆ ಹಾಕಲು ನಮ್ಮ ಕಡೆಯಿಂದಲೂ ಕೂಲಿಯಾಳುಗಳನ್ನು ಕಳುಹಿಸುತ್ತಿದ್ದರು. ಹೊರಡುವವರಿಗೆ ಸಿಡುಬಿನ ಲಸಿಕೆ ಹಾಕಿ, ಕಾಲರಾ ಸೂಜಿ ಚುಚ್ಚಿ, ಮಲೇರಿಯಾ ತಡೆಯುವ ಕ್ವಿನೀನ್ ಕೊಟ್ಟು ಕಳುಹಿಸುವುದು ನನ್ನ ಹೊಣೆ.

ಕ್ವಿನೀನ್ ಬರುತ್ತಿದ್ದ ಜಾವಾ ದ್ವೀಪ ಜಪಾನೀಯರ ಕೈಸೇರಿದ ಮೇಲೆ ಅದು ಸಿಗುವುದೇ ದುಸ್ತರವಾಗಿತ್ತು. ನಮ್ಮ ರೋಗಿಗಳಿಗಿದ್ದ ದಾಸ್ತಾನು ಮುಗಿದು ತಿಂಗಳಾಗಿತ್ತು. ಬೀರುವಿನಲ್ಲಿದ್ದ ಒಂದೇ ಡಬ್ಬ ಅಸ್ಸಾಮಿಗೆ ಹೊರಡುವವರಿಗಾಗಿ ಬಂದದ್ದು. ಅದರಿಂದ ಬೇರೆ ಯಾರಿಗೂ ಒಂದು ಮಾತ್ರೆಯನ್ನೂ ಕೊಡಕೂಡದೆಂದು ಮೇಲಿನವರ ಲಿಖಿತ ಆಜ್ಞೆಯಿತ್ತು.

ಆ ತಂಡದಲ್ಲಿ ಯಲ್ದೂರು ಕಡೆಯ ಮುನಿವೆಂಕಟಪ್ಪನಿದ್ದ. ಮಾವಿನ ತೋಪು ಕಾಯುತ್ತಿದ್ದವನು, ಮಿತಭಾಷಿ. ಸೂಜಿ ಹಾಕಿಸಿಕೊಂಡ ಮೇಲೂ ಹೋಗದೆ ನಿಂತ. ಆರು ವರ್ಷದ ಮಗಳು ಲಚ್ಚಿಗೆ ದಿನ ಬಿಟ್ಟು ದಿನ ಚಳಿಜ್ವರವೆಂದೂ, ಎದ್ದು ಕೂರಲೂ ಆಗದೆಂದೂ ಹೇಳಿ ಮಾತ್ರೆ ಬೇಡಿದ. ನಾನು ಆಜ್ಞೆಯನ್ನು ವಿವರಿಸಿದೆ.

"ನನ್ ಪಾಲಿಂದ್ರಾಗೆ ನಾಕು ಕಮ್ಮಿ ಮಾಡ್ಕೊಂಡು ಕೂಸಿಗೆ ಕೊಡಿ ಸ್ವಾಮಿ," ಎಂದ.

ಆಗುವುದಿಲ್ಲವೆಂದೆ. ಗದರಿದೆನೇನೋ, ಸರಿಯಾಗಿ ನೆನಪಿಲ್ಲ.

ಹೊರಡುವ ಹಿಂದಿನ ದಿನ ಎಲ್ಲರನ್ನೂ ಕೂರಿಸಿ ಕನ್ನಡದಲ್ಲೂ ತೆಲುಗಿನಲ್ಲೂ ತಿಳಿಹೇಳಿದೆ. ಕುದಿಸಿದ ನೀರನ್ನೇ ಕುಡಿಯಬೇಕು, ಹೊತ್ತು ಮುಳುಗಿದ ಮೇಲೆ ಕೈಕಾಲು ಮುಚ್ಚಿಕೊಂಡಿರಬೇಕು, ಸೊಳ್ಳೆಪರದೆಯಿಲ್ಲದೆ ಮಲಗಬಾರದು, ದಿನಕ್ಕೊಂದು ಮಾತ್ರೆ ತಪ್ಪಿಸಬಾರದು. ತಲೆಗೆ ಮೂವತ್ತು ಮಾತ್ರೆ ಎಣಿಸಿ ಕೊಟ್ಟು, ತಿಳಿವಳಿಕೆ ಪಡೆದೆವೆಂದು ಹೆಬ್ಬೆಟ್ಟು ಒತ್ತಿಸಿಕೊಂಡೆ. ನಾನು ಹೇಳಿದ್ದನ್ನೆಲ್ಲ ಒಂದೂ ಬಿಡದೆ ತಿರುಗಿ ಒಪ್ಪಿಸಿದವನು ಮುನಿವೆಂಕಟಪ್ಪನೊಬ್ಬನೇ.

ಎರಡು ತಿಂಗಳಿಗೆ ಅಸ್ಸಾಮಿನ ಕ್ಯಾಂಪಿನಿಂದ ನನಗೊಂದು ಪತ್ರ ಬಂತು. ಅವನು ಮೆದುಳಿಗೇರಿದ ಮಲೇರಿಯಾದಿಂದ ಸತ್ತಿದ್ದ. ದಾರಿಯುದ್ದಕ್ಕೂ ಒಂದು ಮಾತ್ರೆಯನ್ನೂ ನುಂಗಿರಲಿಲ್ಲವೆಂದು ಜೊತೆಯವರು ಹೇಳಿದ್ದರು. ಅವನಿಗೆ ಮಾತ್ರೆ ಕೊಟ್ಟು ತಿಳಿವಳಿಕೆ ನೀಡಲಾಗಿತ್ತೇ ಎಂಬುದು ಕ್ಯಾಂಪಿನವರ ಪ್ರಶ್ನೆ. ತಪ್ಪು ನನ್ನ ಮೇಲೆ ಬಂದೀತೆಂಬ ಭಯದಲ್ಲಿ ಅಂದೇ ಉತ್ತರ ಬರೆದೆ: ಕೊಟ್ಟಿದೆ, ನೀಡಿದೆ, ಹೆಬ್ಬೆಟ್ಟಿನ ಗುರುತು ಇದೆ. ಮಗಳ ಜ್ವರದ ಮಾತನ್ನು ಬರೆಯಲಿಲ್ಲ.

ಕೆಲವು ವಾರಗಳ ಮೇಲೆ ಅವನ ಹೆಂಡತಿ ನರಸಮ್ಮ ಮಗಳ ಕೈಹಿಡಿದು ಬಂದಳು. ಗಂಡ ಸತ್ತ ಸುದ್ದಿ ಊರವರಿಂದ ತಿಳಿದಿತ್ತು. ಸರ್ಕಾರದ ಕಾಗದವೊಂದು ಬಂದಿದೆ, ಓದಿ ಹೇಳಬೇಕು ಎಂದಳು. ಕಾಗದ ಬಿಚ್ಚುವ ಮೊದಲೇ ಮಗುವನ್ನು ನನ್ನ ಕಾಲಿಗೆ ಬೀಳಿಸಿದಳು.

"ನೀವು ಕೊಟ್ ಕಳ್ಸಿದ್ ಮಾತ್ರೆ ಸ್ವಾಮಿ, ಅದ್ರಿಂದ್ಲೇ ಇದು ಉಳ್ಕಂತು. ಹೋಗೋ ದಿನ ನನ್ ಕೈಗಿಟ್ಟು, ಡಾಕ್ಟ್ರು ಕೂಸಿಗೇಂತ ಬೇರೆ ಕೊಟ್ಟವ್ರೆ ಅಂದ."

ಲಚ್ಚಿ ಮೈ ತುಂಬಿಕೊಂಡು ಆರೋಗ್ಯವಾಗಿತ್ತು. ಕಾಗದವನ್ನು ಮನಸ್ಸಿನಲ್ಲೇ ಓದಿಕೊಂಡೆ. ಔಷಧಿಯನ್ನು ಸೇವಿಸದೆ ತನ್ನ ಸ್ವಂತ ಅಜಾಗರೂಕತೆಯಿಂದ ಮೃತಪಟ್ಟಿರುತ್ತಾನೆ ಎಂದಿತ್ತು. ನನ್ನ ಉತ್ತರದಿಂದಲೇ ಹುಟ್ಟಿದ ವಾಕ್ಯ.

"ಏನ್ ಬರ್ದವ್ರೆ ಸ್ವಾಮಿ?"

"ಜ್ವರ ಬಂದು ಹೋದ ಅಂತ ಬರೆದಿದ್ದಾರಮ್ಮ," ಎಂದೆ.

ಅವಳು ಕೈಮುಗಿದು ಹೋದಳು. ಅದೇ ವಾರ ನಡೆದದ್ದೆಲ್ಲವನ್ನೂ ವಿವರಿಸಿ, ಆ ವಾಕ್ಯ ತೆಗೆಯಬೇಕೆಂದು ಮೇಲಿನವರಿಗೆ ಬರೆದೆ. ಪ್ರಕರಣ ಮುಕ್ತಾಯವಾಗಿದೆ ಎಂಬ ಒಂದೇ ಸಾಲಿನ ಉತ್ತರ ಬಂತು. ನರಸಮ್ಮನಿಗೆ ನಿಜ ಹೇಳಲು ಒಮ್ಮೆ ಯಲ್ದೂರಿನವರೆಗೂ ಹೋಗಿ, ಅವಳ ಮನೆಗೆ ಹೋಗಲಾರದೆ ಹಿಂದಿರುಗಿದೆ.

ದೂರದ ಸೀಮೆಗೆ ಹೋಗುವವನ ಆರೋಗ್ಯ ಕಾಪಾಡಬೇಕಾದರೆ ಅವನ ಮನೆಯಲ್ಲಿ ಕಾಯಿಲೆ ಬಿದ್ದವರು ಯಾರೆಂದು ಮೊದಲು ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇದನ್ನು. ಮುಂದಿನ ತಂಡದಿಂದಲೇ ಕೇಳತೊಡಗಿದೆ. ಹನ್ನೊಂದು ಜನ ಮನೆಯಲ್ಲಿ ಜ್ವರವಿದೆ ಎಂದರು. ಅವರ ಮನೆಯವರಿಗೆ ಕೊಡಲು ಆಗಲೂ ನನ್ನ ಬಳಿ ಏನೂ ಇರಲಿಲ್ಲ.