ಕಿಂಡಿಯ ಆಚೆ, ಈಚೆ

ಮೇಜರ್ ಲೈನಲ್ ಡಾನ್ಬಿ ತೀರಿಕೊಂಡು ಮೂರು ವಾರವಾಯಿತು. ಅವನ ನೆನಪಾದಾಗಲೆಲ್ಲ ಆಮೊಸ್ ಥ್ಯಾಕ್ರೆಗೆ ಅಳುವಿಗಿಂತ ಮೊದಲು ನಗು ಬರುತ್ತದೆ.

ಅಶ್ವದಳದಲ್ಲಿ ಡಾನ್ಬಿ ಅಧಿಕಾರಿ, ಆಮೊಸ್ ಲಾಳ ಹೊಡೆಯುವ ಸಾರ್ಜೆಂಟ್. ಫ್ರಾನ್ಸಿನಲ್ಲಿ, ಯುದ್ಧಕಾಲದ ಒಂದು ಬೆಳಿಗ್ಗೆ, ಹೊಸದಾಗಿ ಬಂದಿದ್ದ ಡಾನ್ಬಿ ಕುಂಟುತ್ತಿದ್ದ ಕುದುರೆಯ ಮೇಲೆ ಠೀವಿಯಿಂದ ಹೊರಟಿದ್ದ.

“ಸರ್, ಕಾಲು ಕುಂಟ್ತಿರೋದು ಕುದುರೇದು. ಕಣ್ಣು ಕಾಣದೆ ಇರೋದು ಯಾರಿಗೆ?” ಎಂದುಬಿಟ್ಟ ಆಮೊಸ್.

ಶಿಕ್ಷೆ ಖಂಡಿತ ಎಂದುಕೊಂಡ. ಡಾನ್ಬಿ ಕೆಳಗಿಳಿದು, “ಎಲ್ಲಿ ನೋವು ಅಂತ ತೋರ್ಸು” ಎಂದು ಕೆಸರಿನಲ್ಲೇ ಅವನ ಪಕ್ಕ ಮಂಡಿಯೂರಿದ. ಸ್ನೇಹ ಶುರುವಾದದ್ದು ಹಾಗೆ.

ನಿವೃತ್ತರಾದ ಮೇಲೆ ಇಬ್ಬರೂ ಯಾರ್ಕ್‌ಶೈರಿನ ಒಂದೇ ಹಳ್ಳಿ ಸೇರಿದರು. ಅಲ್ಲಿನ ಪಬ್ಬಿಗೆ ಎರಡು ಕೋಣೆ: ದೊಡ್ಡ ಮನುಷ್ಯರಿಗೆ ಮೆತ್ತೆಯ ಕುರ್ಚಿಗಳದ್ದು, ಉಳಿದವರಿಗೆ ಬೆಂಚುಗಳದ್ದು. ಡಾನ್ಬಿ ಎಷ್ಟು ಕರೆದರೂ ಆಮೊಸ್ ಕುರ್ಚಿಗಳ ಕಡೆ ಹೋಗಲಿಲ್ಲ. ತಾನೇ ಬೆಂಚಿನ ಕಡೆ ಬರುತ್ತೇನೆಂದು ಡಾನ್ಬಿ ಹೇಳಿದರೂ, “ಬೇಡ ಸರ್, ನೀವು ಎದುರಿಗಿದ್ರೆ ನಮ್ಮ ಹುಡುಗ್ರ ಗಂಟಲಲ್ಲಿ ಬಿಯರ್ ಇಳಿಯಲ್ಲ” ಎನ್ನುತ್ತಿದ್ದ. ಹೀಗಾಗಿ, ಲೋಟ ದಾಟಿಸುವ ನಡುಗೋಡೆಯ ಕಿಂಡಿಯ ಆಚೆ ಈಚೆ ನಿಂತೇ ಹನ್ನೊಂದು ವರ್ಷ ಡಾಮಿನೊ ಬಿಲ್ಲೆಗಳ ಆಟ ಆಡಿದರು.

ಕೊನೆಗೆ ಪಬ್ಬಿನ ಒಡತಿ ಐಡಾ ಬ್ಲೆಂಕಿನ್ ಸಿಡಿದೆದ್ದಳು. “ನಿಮ್ಮ ಮೊಣಕೈ ದಾಟಿಸಿ ಲೋಟ ಕೊಟ್ಟು ಕೊಟ್ಟು ನನ್ನ ಸೊಂಟ ಬಿತ್ತು! ಈ ಕಿಂಡೀನೇ ಮುಚ್ಚಿಸಿಬಿಡ್ತೀನಿ.” ಮುಚ್ಚಿಸಿಯೇಬಿಟ್ಟಳು.

ಮರುದಿನ ಸಂಜೆ ಆಮೊಸ್ ಬಿಲ್ಲೆಗಳನ್ನು ಹರಡಿಕೊಂಡು ಒಬ್ಬನೇ ಕೂತಿದ್ದ. ಆಟ ಇಲ್ಲಿಗೆ ಮುಗಿಯಿತೇ ಎಂದು ಎದೆ ಭಾರವಾಗಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾನ್ಬಿ!

ಕೋಣೆಯಲ್ಲಿ ಅರ್ಧಕ್ಕರ್ಧ ಹಳೆಯ ಸವಾರರೇ. ಎಲ್ಲರೂ ದಡಬಡನೆ ಎದ್ದು ನಿಂತರು, ಆಮೊಸ್ ಕೂಡ.

“ಕೂತ್ಕೊಳ್ರಪ್ಪಾ, ಕೂತ್ಕೊಳ್ಳಿ” ಎಂದ ಡಾನ್ಬಿ. ಅಧಿಕಾರಿ ನಿಂತಿರುವಾಗ ಯಾರು ಕೂರುತ್ತಾರೆ? ಅವನ ಕಿವಿ ಕೆಂಪಾಯಿತು. ಕೈ ಮತ್ತೆ ಬಾಗಿಲ ಹಿಡಿಗೆ ಹೋಯಿತು.

ಹೆದರಿದ ಕುದುರೆ ಲಾಯದ ಬಾಗಿಲಲ್ಲಿ ಒಮ್ಮೆ ಹಿಂದೆ ಸರಿದರೆ ಮತ್ತೆ ಒಳಗೆ ಬರುವುದಿಲ್ಲ ಎಂಬುದು ಆಮೊಸ್‌ಗೆ ಗೊತ್ತಿತ್ತು. ಮೂವತ್ತು ವರ್ಷದಲ್ಲಿ ಮಾಡದ ಕೆಲಸ ಮಾಡಿದ: ಅಧಿಕಾರಿ ನಿಂತಿರುವಾಗಲೇ ಕೂತುಬಿಟ್ಟ.

“ಬಾ ಲೈನಲ್. ಬಾಗಿಲು ಹಾಕು, ಚಳಿ ಬರ್ತಿದೆ.”

ಡಾನ್ಬಿಯ ಮುಖ ಅರಳಿತು. “ಏನಂದೆ? ಇನ್ನೊಂದ್ಸಲ ಹೇಳು.”

“ಬಾಗಿಲು ಹಾಕಯ್ಯಾ ಅಂದೆ, ಕಿವೀನೂ ಹೋಯ್ತಾ?”

ಮೊದಲು ನಕ್ಕವಳು ಐಡಾ. ಆಮೇಲೆ ಎಲ್ಲರೂ ನಗುತ್ತ ಕೂತರು. ಡಾನ್ಬಿ ಅಂದು ಐದು ಆಟ ಸೋತ. ಮುಂದಿನ ಆರು ವರ್ಷವೂ ಅದೇ ಬೆಂಚಿನ ಮೇಲೆ ಕೂತು, ಖುಷಿಯಿಂದ ಸೋಲುತ್ತಲೇ ಇದ್ದ.