ಹೂವು ಬೀಳದ ಮಂಗಳವಾರ

ನಮ್ಮ ಊರದೇವಿ ಅಮ್ಮನವರ ನೆರಳಿನಲ್ಲಿ ಬದುಕುವ ಎಲ್ಲರಿಗೂ ಹೊಳನಗದ್ದೆಯ ಶಾಂತಾ ಕೈಮುಗಿದು ಬರೆಯುವುದು. ನಾನು ಮೊದಲೇ ಬಾಯಿಬಡುಕಿ, ಮೇಲೆ ವಕೀಲಿ ಓದಿದವಳು. ಸ್ವಲ್ಪ ಸಹಿಸಿಕೊಂಡು ಓದಬೇಕು.

ಐವತ್ತೊಂಬತ್ತನೇ ಇಸವಿ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ದೀಪಾವಳಿ ಮುಗಿದ ಮೇಲೆ ನನ್ನ ಅಣ್ಣ ದಾಮೋದರ ಮಚವೆಗೆ ತೆಂಗಿನಕಾಯಿ ತುಂಬಿಸಿ ಹೊನ್ನಾವರ ಬಂದರಿನಿಂದ ಮುಂಬಯಿಗೆ ಹೊರಟ. ಹಾಯಿಯ ಮೇಲೆ ಹೋಗುವ ಹಳೆಯ ಮಚವೆ, ಅಣ್ಣನೂ ಭಟ್ಕಳದ ಇಬ್ರಾಹಿಂ ಸಾಹೇಬರೂ ಪಾಲಿನಲ್ಲಿ ನಡೆಸುತ್ತಿದ್ದದ್ದು. ಅಣ್ಣನೂ ಖಲಾಸಿಗಳೂ ಹೊರಟ ವಾರದಲ್ಲೇ ತೂಫಾನು ಎದ್ದಿತು. ಮಚವೆ ಮುಂಬಯಿಯನ್ನು ಮುಟ್ಟಲಿಲ್ಲ, ತಿರುಗಿಯೂ ಬರಲಿಲ್ಲ.

ನಾನಾಗ ಬೆಳಗಾವಿಯಲ್ಲಿ ಲಾ ಓದುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅಣ್ಣನೇ. “ಹೆಣ್ಣಿಗೆ ಕರಿಕೋಟು ಎಂತಕ್ಕೆ?” ಎಂದು ಕೇಳಿದವರಿಗೆಲ್ಲ, “ಹೇಗೂ ದಿನಾ ಜಗಳ ಮಾಡ್ತದೆ, ಸರ್ಕಾರದ ಪರವಾನಗಿ ತಕಂಡೇ ಮಾಡ್ಲಿ” ಎಂದು ನಗುತ್ತಿದ್ದ. ಆ ತಿಂಗಳು ತರಗತಿಯಲ್ಲಿ ವಿಮೆಯ ಕಾನೂನು ನಡೆಯುತ್ತಿತ್ತು. ಯುಕ್ತವಾದಷ್ಟು ಕಾಲ ಕಳೆದರೂ ಸುದ್ದಿ ಬಾರದ ಹಡಗು ಮುಳುಗಿತೆಂದೇ ಭಾವಿಸಬಹುದು ಎಂದರು ಸರ್. ನನ್ನ ನಾಲಗೆ ಸುಮ್ಮನಿರಬೇಕಲ್ಲ! “ಯುಕ್ತ ಕಾಲ ಎಂದರೆ ಎಷ್ಟು ಸರ್?” ಎಂದು ಕೇಳಿಯೇಬಿಟ್ಟೆ. “ಅದು ಆಯಾ ಹಡಗಿನ ಮೇಲೆ, ಆಯಾ ಸಮುದ್ರದ ಮೇಲೆ” ಎಂದರು. ಅದೆಂಥ ಉತ್ತರ ಎಂದು ಒಳಗೊಳಗೇ ನಕ್ಕೆ. ಆ ವಾರವೇ ಊರಿನಿಂದ ತಂತಿ ಬಂತು: ಅಣ್ಣನ ಸುದ್ದಿ ಇಲ್ಲ, ಕೂಡಲೇ ಬಾ.

ಹುಬ್ಬಳ್ಳಿಗೆ ಬಂದು ಶಿರಸಿ ಮೇಲಿನ ಬಸ್ಸು ಹಿಡಿದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಪಕ್ಕದ ಹೆಂಗಸು ಉದ್ದಕ್ಕೂ ವಾಂತಿ ಮಾಡಿಕೊಂಡಳು, ನಾನು ಉದ್ದಕ್ಕೂ ಅತ್ತೆ. ಒಬ್ಬರಿಗೊಬ್ಬರು ಎಲೆಅಡಿಕೆ ಕೊಟ್ಟು ಸಮಾಧಾನ ಮಾಡಿಕೊಂಡು ಕುಮಟೆಯಲ್ಲಿ ಇಳಿದೆವು.

ಅತ್ತಿಗೆ ಗಿರಿಜಾ ತುಂಬು ಬಸುರಿ. ಕಾಲೆಲ್ಲ ಬಾತು, ತಲೆ ತಿರುಗಿ ಬಿದ್ದಳೆಂದು ಕುಮಟೆಯ ಆಸ್ಪತ್ರೆಗೆ ಸೇರಿಸಿದ್ದರು. ಡಾಕ್ಟರು ನನ್ನನ್ನು ಹೊರಗೆ ಕರೆದು, “ಇವರಿಗೆ ಈಗ ಆಘಾತ ಆಗುವ ಹಾಗಿಲ್ಲ, ತಾಯಿ-ಮಗು ಇಬ್ಬರಿಗೂ ಕಷ್ಟ” ಎಂದರು. ಒಳಗೆ ಹೋದರೆ ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ದೊಡ್ಡಪ್ಪ ಕಾರ್ಯ ಮಾಡ್ಸೂಕೆ ಹೊರಟಾರಂತೆ. ಹೌದೇನೇ ಶಾಂತಾ? ನನ್ನ ಬಳೆ ತೆಗೀತಾರಾ?”

“ಯಾರು ಮುಟ್ತಾರೆ ನೋಡ್ತೆ ನಾನು!” ಎಂದೆ.

ದೊಡ್ಡಪ್ಪ ಕೆಟ್ಟವರಲ್ಲ. ಅಣ್ಣನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಆದರೆ ನೀರಲ್ಲಿ ಹೋದವನಿಗೆ ಗತಿ ಕಾಣಿಸದಿದ್ದರೆ ಜೀವ ಅಲೆಯುತ್ತದೆ ಎಂಬ ಸಂಕಟ ಅವರನ್ನು ತಿನ್ನುತ್ತಿತ್ತು. ಹೆಣ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಡುವ ಕ್ರಮವಿದೆ. ಅದಕ್ಕೆ ದಿನ ನೋಡಿಸುತ್ತಿದ್ದರು. ಅದರ ಮೇಲೆ, ಮಚವೆ ಮುಳುಗಿತೆಂದು ಒಪ್ಪಲು ವಿಮೆ ಕಂಪನಿ ತಯಾರಿದೆ ಎಂಬ ಸುದ್ದಿ ಭಟ್ಕಳದಿಂದ ಬಂದಿತ್ತು.

“ಕಂಪನಿಯವ್ರೇ ಹೋದ ಅಂದ್ರು. ಇನ್ನೆಂತ ಅದೆ ಕೂಸೇ?” ಎಂದು ದೊಡ್ಡಪ್ಪ ಅತ್ತರು.

“ದೊಡ್ಡಪ್ಪಾ, ಕಂಪನಿ ಮಚವೆ ಹೋತು ಅಂದದ್ದು, ಅಣ್ಣ ಹೋದ ಅಂತ ಅಲ್ಲ. ಹಡಗಿಗೆ ಒಂದು ಕಾನೂನು, ಮನುಷ್ಯನಿಗೆ ಮತ್ತೊಂದು. ಸುದ್ದಿ ಇಲ್ಲದ ಮನುಷ್ಯ ಸತ್ತ ಅನ್ನೂಕೆ ಏಳು ವರ್ಷ ಆಗ್ಬೇಕು.”

“ಏಳು ವರ್ಷ ಅಂವ ಪ್ರೇತ ಆಗಿ ಅಲೀಬೇಕನೇ? ಸುಡು ನಿನ್ನ ಕಾನೂನ!”

ಕೊನೆಗೆ ಅವರೇ, “ಆತು. ನೀನೂ ಬೇಡ, ನಾನೂ ಬೇಡ. ಅಮ್ಮನ ಹತ್ರ ಪ್ರಸಾದ ಕೇಳ್ವ” ಎಂದರು.

ಪ್ರಸಾದ ಕೇಳುವುದೆಂದರೆ ನಮ್ಮ ಕಡೆಯವರಿಗೆ ಗೊತ್ತು. ಒದ್ದೆ ಮಾಡಿದ ಹೂವಿನ ಎಸಳನ್ನು ಅಮ್ಮನ ಮೂರ್ತಿಗೆ ಅಂಟಿಸಿ ಪ್ರಶ್ನೆ ಇಡುವುದು. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ದಾಮೋದರ ಬದುಕಿದ್ದಾನೆಯೇ ಎಂಬುದು ಪ್ರಶ್ನೆ. ಎಡಕ್ಕೆ ಬಿದ್ದರೆ ಆ ಶುಕ್ರವಾರವೇ ಕಾರ್ಯ.

ಮಂಗಳವಾರ ಬೆಳಿಗ್ಗೆ ಅಮ್ಮನ ಮುಂದೆ ಹೋಗಿ ನಿಂತೆ. ದೇವರೆದುರು ಮುಚ್ಚುಮರೆ ಯಾಕೆ, ಕಣ್ಣು ಮುಚ್ಚಿ ಹೇಳಿದೆ: “ಅಮ್ಮಾ, ಹೌದು ಅನ್ನು ಎಂದು ಕೇಳುವಷ್ಟು ಧೈರ್ಯ ನನಗಿಲ್ಲ. ಇಲ್ಲ ಅನ್ನಬೇಡ. ಅಷ್ಟು ಸಾಕು.”

ಭಟ್ಟರು ಎಸಳು ಅಂಟಿಸಿದರು, ಪ್ರಾರ್ಥನೆ ಮಾಡಿದರು. ಎಸಳು ಬೀಳಲಿಲ್ಲ. ಗಂಟೆ ಬಾರಿಸಿದರು, ಬೀಳಲಿಲ್ಲ. ಮಹಾಮಂಗಳಾರತಿ ಆಯಿತು, ಬಂದವರೆಲ್ಲ ತೀರ್ಥ ತೆಗೆದುಕೊಂಡು ಹೋದರು. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತರು. ಎಸಳು ಮಾತ್ರ ಅತ್ತಿತ್ತ ಸರಿಯಲಿಲ್ಲ. ಭಟ್ಟರು ಹೊರಗೆ ಬಂದು, “ಅಮ್ಮಂಗೆ ಈಗ ಹೇಳೂಕೆ ಮನಸ್ಸಿಲ್ಲ. ಬರೂ ಮಂಗಳವಾರ ಬನ್ನಿ. ತಾಳಿದವನು ಬಾಳಿಯಾನು” ಎಂದರು. ಕೋರ್ಟಿನ ಮಾತಿನಲ್ಲಿ ಹೇಳುವುದಾದರೆ ಅಮ್ಮ ನನಗೆ ವಾಯಿದೆ ಕೊಟ್ಟಿದ್ದಳು.

ಸಿಕ್ಕ ವಾಯಿದೆಯಲ್ಲಿ ಕೈಕಟ್ಟಿ ಕೂರುವವಳೇ ನಾನು? ಗುರುವಾರ ಭಟ್ಕಳಕ್ಕೆ ಹೊರಟೆ. ಮಂಗಳವಾರದವರೆಗೆ ಕಂಪನಿಗೆ ಒಪ್ಪಿಗೆ ಕೊಡಬೇಡಿ ಎಂದು ಸಾಹೇಬರ ಕಾಲು ಹಿಡಿಯುವುದೇ ಎಂದು ತೀರ್ಮಾನಿಸಿದ್ದೆ. ಹೊನ್ನಾವರದ ಹೊಳೆಗೆ ಆಗ ಸೇತುವೆ ಇರಲಿಲ್ಲ. ಬಸ್ಸು ಇಳಿದು, ಲಾಂಚಿನಲ್ಲಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹತ್ತಬೇಕು. ಭಟ್ಕಳ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು.

ಸಾಹೇಬರು ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದವರು ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟರು.

“ಯಾ ಅಲ್ಲಾ! ನಾನು ನಿಮ್ಮ ಮನೆಗೇ ಹೊರಟದ್ದು ಬೇಟಿ. ದಾಮೋದರ ಅದಾನೆ! ಕಾರವಾರದಲ್ಲಿ ಅದಾನೆ! ಈಗ ತಂತಿ ಬಂತು.”

ನಾನು ಆ ಮೆಟ್ಟಿಲ ಮೇಲೆಯೇ ಕುಸಿದು ಕೂತೆ. ಸಾಹೇಬರ ಹೆಂಡತಿ ಒಳಗಿನಿಂದ ಬೆಲ್ಲದ ನೀರು ತಂದು ಕುಡಿಸಿದರು. ಅವರೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ.

ಆದದ್ದು ಇಷ್ಟು. ಹಾಯಿ ಕಟ್ಟುವ ಕೂವೆಕಂಬ ಮುರಿದ ಮಚವೆ ಗೋವಾದ ದಂಡೆಗೆ ಹೋಗಿ ಬಡಿಯಿತು. ಜೀವ ಉಳಿಸಿಕೊಂಡವರನ್ನೆಲ್ಲ ಪೋರ್ಚುಗೀಸ್ ಪೊಲೀಸರು ಗೂಢಚಾರರೆಂದು ಕೂಡಿಹಾಕಿದರು. ಅಲ್ಲಿಂದ ಸುದ್ದಿ ಕಳಿಸುವ ದಾರಿಯಿರಲಿಲ್ಲ. ಒಂದು ದಿನ ಏನು ತೋಚಿತೋ, ಗಡಿಗೆ ತಂದು ಬಿಟ್ಟರು. ಯಾವ ದಿನ ಎಂದು ಆಮೇಲೆ ಅಣ್ಣನನ್ನು ಕೇಳಿದೆ. ಮಂಗಳವಾರ ಬೆಳಿಗ್ಗೆ ಎಂದ! ಗಡಿಯ ಈಚೆ ನಮ್ಮ ಪೊಲೀಸರ ವಿಚಾರಣೆಯೂ ಮುಗಿದು ಗುರುವಾರ ಕಾರವಾರ ಮುಟ್ಟಿದವನು ಮನೆಗೆ ತಂತಿ ಕೊಡಲಿಲ್ಲ. ತಂತಿಯವನನ್ನು ಕಂಡರೆ ಸಾವಿನ ಸುದ್ದಿಯೆಂದೇ ಹೆದರುವ ಕಾಲ, ಓದಿಸಿ ಕೇಳುವ ಮೊದಲೇ ಗಿರಿಜಾ ಬಿದ್ದುಬಿಟ್ಟಾಳು ಎಂದು ಸಾಹೇಬರಿಗೆ ಕೊಟ್ಟಿದ್ದ.

ತಿರುಗಿ ಬರುವಾಗ ಲಾಂಚಿನಲ್ಲಿದ್ದ ಒಬ್ಬರನ್ನೂ ಬಿಡದೆ, ನನ್ನ ಅಣ್ಣ ಬದುಕಿದ್ದಾನೆ ಎಂದು ಹೇಳಿದೆ. ಒಬ್ಬ ಅಜ್ಜಿಗಂತೂ ಎರಡು ಸಲ ಹೇಳಿದೆನಂತೆ. “ಕೇಳ್ತು ಮಾರಾಯ್ತಿ, ಅಮ್ಮ ದೊಡ್ಡವಳು” ಎಂದಳು.

ಆಸ್ಪತ್ರೆಯಲ್ಲಿ ಅತ್ತಿಗೆಯ ಪಕ್ಕ ಕೂತು, ಮೊದಲು ನಕ್ಕು, ಆಮೇಲೆ ಮೆಲ್ಲಗೆ ಹೇಳಿದೆ. ಮಾರನೆಯ ದಿನ, ಯಾವ ಶುಕ್ರವಾರ ಗೊಂಬೆ ಸುಡಬೇಕೆಂದಿದ್ದರೋ ಅದೇ ಶುಕ್ರವಾರ, ಅಣ್ಣ ಗಡ್ಡ ಬಿಟ್ಟುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ನೋಡಿದಳು, ನೋಡಿದಳು. “ಊಟ ಆತಾ?” ಎಂದು ಕೇಳಿದಳು. ಅಷ್ಟೇ ಅವಳ ಬಾಯಿಂದ ಬಂದದ್ದು. ಹದಿನೈದು ದಿನಕ್ಕೆ ಸುಖವಾಗಿ ಹೆತ್ತಳು, ಹೆಣ್ಣು ಮಗು.

ಭಟ್ಟರು ಹೇಳಿದ್ದ ಆ ಮಂಗಳವಾರ ನಾವು ಅಮ್ಮನಲ್ಲಿಗೆ ಹೋದದ್ದು ಕೇಳುವುದಕ್ಕಲ್ಲ, ಹಣ್ಣುಕಾಯಿ ಒಪ್ಪಿಸುವುದಕ್ಕೆ. ಕೇಳಿದ್ದಕ್ಕೆಲ್ಲ ಕೂಡಲೇ ಉತ್ತರ ಕೊಡುವವಳೇ ದೇವಿ ಎಂದು ನಾನು ತಿಳಿದಿದ್ದೆ. ಸುಮ್ಮನಿದ್ದು ಕಾಯುವವಳೂ ಅವಳೇ ಎಂದು ಅಂದು ಗೊತ್ತಾಯಿತು. ಅಂದಿನಿಂದ ನನ್ನ ನಂಬಿಕೆ ಅಲುಗಾಡಿಲ್ಲ. ಬದುಕಿದ್ದವನಿಗೆ ಕಾರ್ಯ ಮಾಡಿಸಲು ಹೊರಟೆನಲ್ಲ ಎಂಬ ನಾಚಿಕೆಗೆ ನಾಲ್ಕು ದಿನ ಅಣ್ಣನ ಎದುರಿಗೇ ಬಂದಿರದ ದೊಡ್ಡಪ್ಪ, ಗರ್ಭಗುಡಿಯ ಕಡೆ ತಲೆಯೆತ್ತಲಾರದೆ ಹೊರಗೇ ನಿಂತಿದ್ದರು. ಅಣ್ಣ ಹೋಗಿ ಅವರ ಕಾಲಿಗೆ ಬಿದ್ದ. ದೊಡ್ಡಪ್ಪ ಅವನ ತಲೆ ಸವರಿದರು, ಭುಜ ಮುಟ್ಟಿದರು, ಎರಡೂ ಕೈ ಒತ್ತಿ ಒತ್ತಿ ನೋಡಿದರು.

“ಬೆಚ್ಚಗೆ ಅದಾನೆ, ಶಾಂತಾ” ಎಂದರು ನನ್ನ ಕಡೆ ತಿರುಗಿ. “ಬೆಚ್ಚಗೆ ಅದಾನೆ.”