ಓಡಿಸಿ ಲೋಡಿನ ಮೇಲೆ ಶಾವಿಗೆ

ಅಳತೆ ಮೀರಿದ ಸರಕಿಗೆ ನಮ್ಮ ಧಂದೆಯಲ್ಲಿ ಓಡಿಸಿ ಅಂತಾರೆ. ಇಂಗ್ಲಿಷಿನ ಮೂರು ಅಕ್ಷರ: ಓ, ಡಿ, ಸಿ. ಒಟ್ಟಿಗೆ ಹೇಳಿದರೆ ಯಾರೋ ಹಿಂದಿನಿಂದ ಓಡಿಸಿ, ಓಡಿಸಿ ಅಂತ ಅವಸರ ಮಾಡಿದಂಗೆ ಕೇಳುತ್ತೆ. ಆದರೆ ಓಡಿಸೋದೊಂದನ್ನು ಬಿಟ್ಟು ಈ ಲೋಡಿಗೆ ಬೇರೆಲ್ಲಾ ಮಾಡಬಹುದು. ನಿಧಾನಕ್ಕೆ ಹೋಗಬೇಕು, ಮುಂದೊಂದು ಜೀಪು ಇರಬೇಕು, ನಾಕೂ ಮೂಲೆಗೆ ಕೆಂಪು ಬಾವುಟ ಇರಬೇಕು, ಪರ್ಮಿಟ್‌ನಲ್ಲಿ ಬರೆದ ದಾರಿ ಬಿಟ್ಟು ಪಕ್ಕದ ಬೀದಿಗೆ ಚಕ್ರ ಇಡಬಾರದು. ನಮ್ಮ ಕಡೆ ಪರ್ಮಿಟ್ ಕೊಡುವಾಗ ಇನ್ನೊಂದು ಷರತ್ತನ್ನೂ ಹಾಕ್ತಿದ್ದರು. ಸೂರ್ಯ ಮುಳುಗಿದ ಮೇಲೆ ಗಾಡಿ ಎಲ್ಲಿದೆಯೋ ಅಲ್ಲೇ ನಿಲ್ಲಬೇಕು.

ಮದುವೆಯಾಗಿ ಹರಿಹರಕ್ಕೆ ಬಂದ ಮೇಲೆ ನಾನು ಕಲಿತ ಕೆಲಸ ಇದು. ನಮಗಿರೋದು ಒಂದೇ ಟ್ರೈಲರು. ಅದರ ಹೊಟ್ಟೆಯ ಕೆಳಗೆ ಮಲಗಿ ರಿಪೇರಿ ಮಾಡೋದು ನಮ್ಮ ಮನೆಯವರ ಪಾಲಿಗೆ, ಆಫೀಸುಗಳ ಬೆಂಚಿನ ಮೇಲೆ ಕೂತು ಪರ್ಮಿಟ್ ತರೋದು ನನ್ನ ಪಾಲಿಗೆ. ಅವರಿಗೆ ಸಾಹೇಬರನ್ನು ಕಂಡರೆ ಬೆವರು ಬರುತ್ತೆ. ನನಗೆ ಹಂಗೇನಿಲ್ಲ, ಸುಮ್ಮನೆ ನಗು ಬರುತ್ತೆ. ಗಾಡಿ ಓಡಿಸೋದು ಹರಿಹರದವರೇ ಆದ ಒಬ್ಬ ವಯಸ್ಸಾದ ಡ್ರೈವರು. ಊರಿನವರೆಲ್ಲ ಅವರಿಗೆ ಚಾಚಾ ಅನ್ನುತ್ತಿದ್ದರಿಂದ ನಾನೂ ಹಂಗೇ ಕರೆದೆ. ಅವರು ನನ್ನನ್ನು ತಂಗಿ ಅಂತಿದ್ದರು. ಚಿಕ್ಕಪ್ಪನಿಗೆ ನಾನು ತಂಗಿ ಹೆಂಗಾದೆ ಅಂತ ಇಬ್ಬರೂ ಯೋಚಿಸಲಿಲ್ಲ.

ಆ ಕಾಲಕ್ಕೆ ಸೇತುವೆ ದಾಟೋಕೆ ಒಪ್ಪಿಗೆ ಕೊಡುವ ಕುರ್ಚಿಯಲ್ಲಿ ಒಬ್ಬ ಇಂಜಿನಿಯರ್ ಸಾಹೇಬರಿದ್ದರು. ಯಾರ ಕೈಯಿಂದಲೂ ಒಂದು ಲೋಟ ಚಹಾ ಕೂಡ ಮುಟ್ಟಿದವರಲ್ಲ. ಚಹಾ ಕುಡಿಯುವವರಾಗಿದ್ದರೆ ನನಗೆ ಸ್ವಲ್ಪ ಸುಲಭ ಆಗ್ತಿತ್ತು. ಒಂದು ಸಲ ಅರ್ಜಿಯ ಜೊತೆಗೆ ಟ್ರೈಲರಿನ ಚಿತ್ರ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಮೇಲೆತ್ತಿ ಚಕ್ರಗಳನ್ನು ಎಣಿಸಿ, ಒಂದು ಕಮ್ಮಿ ಐತಲ್ಲಮ್ಮ ಅಂದರು. ಅದು ಆ ಕಡೆ ಐತ್ರಿ ಸಾರ್, ಈ ಕಡೆಯಿಂದ ಕಾಣಲ್ಲ ಅಂದೆ.

“ಕಾಣದೇ ಇರೋ ಚಕ್ರಕ್ಕೆ ನಾನು ಸೈನ್ ಹಾಕಲ್ಲ,” ಅಂದರು.

ವಾಪಸ್ ಬಂದು, ಕಾಣದ ಚಕ್ರವನ್ನೂ ಕಾಣಿಸುವಂತೆ ಬರೆದೆ. ಆ ಗಾಡಿ ನೋಡಿದರೆ ಏಡಿ ಕಾಲು ಚಾಚಿದಂಗಿತ್ತು. ಅದಕ್ಕೆ ಸೈನ್ ಹಾಕಿದರು. ಅವರು ರಿಟೈರ್ ಆದ ಸುದ್ದಿ ಬಂದ ದಿನ ನಮ್ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ಆದರೂ ನಾನು ಹೋಳಿಗೆ ಮಾಡಿದೆ.

ಆಮೇಲೆ ಅವರನ್ನು ನೋಡಿದ್ದು ಹೋದ ಬೇಸಿಗೆ ಶುರುವಿಗೆ, ಮಾರ್ಚಿನಲ್ಲಿ. ಕುಕ್ಕುವಾಡದ ಹತ್ತಿರ ಒಬ್ಬರು ಹೊಸದಾಗಿ ಬೆಲ್ಲ ಮಾಡುವ ಘಟಕ ಕಟ್ಟಿಸುತ್ತಿದ್ದರು. ಕಬ್ಬಿನ ಹಾಲು ಕಾಯಿಸೋಕೆ ಅವರಿಗೆ ದೊಡ್ಡದೊಂದು ಉಕ್ಕಿನ ತೊಟ್ಟಿ ಬೇಕಿತ್ತು. ಅದನ್ನು ಹರಿಹರದ ಒಂದು ವರ್ಕ್‌ಶಾಪಿನಲ್ಲಿ ಮಾಡಿದ್ದರು. ತೊಟ್ಟಿಗೆ ಚಪ್ಪಟೆ ಮುಚ್ಚಳ. ಟ್ರೈಲರ್ ಮೇಲೆ ಏರಿಸಿದಾಗ ಒಂದು ಸಣ್ಣ ಮನೆಯ ತಾರಸಿಯೇ ಹೊರಟಂಗಿತ್ತು. ಎರಡೂ ಕಡೆ ಟ್ರೈಲರಿನಿಂದ ಆಚೆ ಚಾಚಿತ್ತು. ಶುಕ್ರವಾರಕ್ಕೆ ಅಂತ ಒಂದು ದಿನದ ಪರ್ಮಿಟ್ ಸಿಕ್ಕಿತು. ದೂರ ಏನು ಮಹಾ, ಮಧ್ಯಾಹ್ನದ ಊಟಕ್ಕೆ ಕುಕ್ಕುವಾಡದಲ್ಲಿರ್ತೀವಿ ಅಂತ ಚಾಚಾ ಹೇಳಿದರು.

ಮಧ್ಯಾಹ್ನದ ಊಟ ದಾವಣಗೆರೆ ಮುಟ್ಟುವ ಮೊದಲೇ ಆಯಿತು. ಒಂದು ಕಡೆ ಮರದ ಕೊಂಬೆ ಕಡಿಸಬೇಕಾಯಿತು, ಇನ್ನೊಂದು ಕಡೆ ಕರೆಂಟಿನ ತಂತಿ ಎತ್ತಿಸಬೇಕಾಯಿತು. ಪೇಟೆಯಲ್ಲಿ ಪೈಪಿಗೆ ಅಂತ ರಸ್ತೆ ಅಗೆದಿದ್ದರಿಂದ ನಮಗೆ ಕೊಟ್ಟ ದಾರಿ ದೇವರಾಜ ಅರಸು ಬಡಾವಣೆಯ ಒಳಗಿಂದ ಸುತ್ತಿಕೊಂಡು ಹೋಗುತ್ತಿತ್ತು. ಅಲ್ಲಿ ಒಂದು ತಿರುವಿನಲ್ಲಿ ಹಿಂದಿನ ಟೈರು ಸಿಡಿಯಿತು. ಪಕ್ಕದ್ದೂ ಸೀಳಿಹೋಗಿತ್ತು. ಜೀಪಿನಲ್ಲಿ ಮುಂದೆ ಹೋಗುತ್ತಿದ್ದ ನಾನು ಇಳಿದು ಬಂದು ನೋಡಿದರೆ ಚಾಚಾ ಆಗಲೇ ಜಾಕ್ ತೆಗೆದು ಕೂತಿದ್ದರು. ಚಕ್ರ ಬದಲಾಯಿಸಿ ಕೈ ತೊಳೆದು ತಲೆ ಎತ್ತಿದಾಗ ಸೂರ್ಯ ಹೋಗಿಬಿಟ್ಟಿದ್ದ.

ಟ್ರೈಲರು ಒಂದು ಮನೆಯ ಕಾಂಪೌಂಡಿಗೆ ಉದ್ದಕ್ಕೂ ಒತ್ತಿಕೊಂಡಂಗೆ ನಿಂತಿತ್ತು. ಗೇಟು ತೆರೆಯಿತು. ಬನಿಯನ್ ತೊಟ್ಟು ಪಂಚೆ ಉಟ್ಟವರೊಬ್ಬರು ಆಚೆ ಬರೋಕೆ ನೋಡಿ, ಜಾಗ ಸಾಲದೆ ಅಡ್ಡಡ್ಡ ತಿರುಗಿ ನುಸುಳಿ ಬಂದರು. ಕನ್ನಡಕ ಮೇಲೆತ್ತಿದರು. ಅದನ್ನು ಎತ್ತಿದ ರೀತಿಯಿಂದಲೇ ನನಗೆ ಗೊತ್ತಾಯಿತು ಇದು ಯಾರ ಮನೆ ಅಂತ.

ಅವರಿಗೂ ನನ್ನ ಗುರುತು ಹತ್ತಿತು. ಗಾಡಿ ಈಗಲೇ ತೆಗೀಬೇಕು, ನನ್ನ ಕಾರು ಒಳಗೈತೆ, ಬೆಳಿಗ್ಗೆ ನಂದಿಗುಡಿಗೆ ಹೋಗಬೇಕು ಅಂದರು. ನಾನು ಬಹಳ ವಿನಯದಿಂದ, ಸೂರ್ಯ ಮುಳುಗಿದಾನೆ ಸಾರ್ ಅಂದೆ. ಅವರು ಪಡುವಣಕ್ಕೆ ನೋಡಿದರು, ನನ್ನನ್ನು ನೋಡಿದರು, ಪರ್ಮಿಟ್ ಕೊಡಿ ಅಂದರು. ಗೇಟಿನ ದೀಪದ ಕೆಳಗೆ ನಿಂತು ಮೇಲಿಂದ ಕೆಳಗಿನ ತನಕ ಓದಿದರು. ಷರತ್ತು ನಾನು ಹೇಳಿದಂಗೇ ಇತ್ತು. ಅದು ಅವರ ಕಾಲದಲ್ಲಿ ಅವರೇ ಬರೆಸಿದ ಸಾಲು, ಒಂದಕ್ಷರವೂ ಬದಲಾಗಿರಲಿಲ್ಲ. ಇನ್ನೂ ಕೆಳಗೆ ಓದಿದವರ ಮುಖ ಅರಳಿತು.

“ಇದರ ಅವಧಿ ಇವತ್ತಿಗೇ ಮುಗೀತಮ್ಮ. ನಾಳೆ ಬೆಳಿಗ್ಗೆನೂ ನೀವು ಇದನ್ನ ಅಲ್ಲಾಡಿಸೋ ಹಂಗಿಲ್ಲ,” ಅಂದರು.

“ಹೌದ್ರಿ ಸಾರ್,” ಅಂದೆ. “ನಾಳೆ ಎರಡನೇ ಶನಿವಾರ. ಆಮೇಲೆ ಭಾನುವಾರ.”

ಗೆದ್ದ ಖುಷಿ ಅವರ ಮುಖದ ಮೇಲೆ ಇನ್ನೂ ಇತ್ತು. ತಾನು ಗೆದ್ದದ್ದು ಏನನ್ನು ಅಂತ ನಿಧಾನಕ್ಕೆ ಹೊಳೆದು, ಕಾಂಪೌಂಡಿನಷ್ಟೇ ಉದ್ದವಿದ್ದ ಟ್ರೈಲರನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಚಾಚಾ ನಗು ತಡೆಯೋಕೆ ಚಕ್ರದ ಹಿಂದೆ ಕೂತುಬಿಟ್ಟರು. ನನಗೆ ಹಿಂದೆ ಕೂರೋಕೆ ಚಕ್ರ ಉಳಿದಿರಲಿಲ್ಲ.

ಚಾಚಾ ಗಾಡಿ ಕಾವಲಿಗೆ ಅಲ್ಲೇ ಉಳಿದರು, ನಾನು ರಾತ್ರಿ ಹರಿಹರಕ್ಕೆ ವಾಪಸಾದೆ. ಶನಿವಾರ ಸಾಹೇಬರು ನಂದಿಗುಡಿಗೆ ಬಸ್ಸಿನಲ್ಲಿ ಹೋಗಿ ಬಂದರಂತೆ. ಬಂದವರೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ನಿಂತ ಗಾಡಿಗೂ ಬಾವುಟ ಇರಬೇಕು, ಇವು ಬಿಸಿಲಿಗೆ ಬಣ್ಣ ಹೋಗಿ ಗುಲಾಬಿ ಆಗ್ಯಾವೆ, ಕೆಂಪು ಅನ್ನೋದು ಕೆಂಪೇ ಇರಬೇಕು ಅಂತ ಚಾಚಾಗೆ ಹೇಳಿದರು. ರಜದ ದಿನ ಕೆಂಪು ಬಟ್ಟೆ ಎಲ್ಲಿ ತರಲಿ ಅಂತ ಚಾಚಾ ಕೇಳಿದಾಗ ಸಾಹೇಬರ ಹೆಂಡತಿ ಒಳಗಿಂದ ನಾಕು ಕೆಂಪು ಕುಪ್ಪಸದ ಕಣ ತಂದುಕೊಟ್ಟರು. ಯಾರ್ಯಾರದೋ ಮನೆ ಉಡಿ ತುಂಬಿದ್ದರಲ್ಲಿ ಬಂದವು, ಮನೆಯಲ್ಲಿ ಬೇಕಾದಷ್ಟು ಬಿದ್ದಿದ್ದವು. ಒಂದಕ್ಕೆ ಜರಿ ಅಂಚೂ ಇತ್ತು.

ಆ ಅಮ್ಮಾರು ಗಂಡನಂತಲ್ಲ. ಮಾತು ಕಮ್ಮಿ, ಕಣ್ಣು ಚುರುಕು. ಬಾವುಟ ಕಟ್ಟುವಾಗ ಅವರು ನೋಡಿದ್ದು ಬಾವುಟವನ್ನಲ್ಲ, ತೊಟ್ಟಿಯ ಮುಚ್ಚಳವನ್ನು. ಆ ವರ್ಷ ಬಡಾವಣೆಗೆ ಮಂಗಗಳು ಬಂದಿದ್ದವು. ತಾರಸಿ ಮೇಲೆ ಸಂಡಿಗೆ ಇಟ್ಟರೆ ಅರ್ಧ ಅವು ತಿಂದು, ಉಳಿದದ್ದನ್ನು ತುಳಿದು ಹೋಗುತ್ತಿದ್ದವು. ಇಲ್ಲಿ ನೋಡಿದರೆ ಬೀದಿಯಲ್ಲೇ ತಾರಸಿ, ಹಗಲೆಲ್ಲ ಬಿಸಿಲು, ಕೆಳಗೆ ಕಾವಲಿಗೆ ಕೋಲು ಹಿಡಿದ ಚಾಚಾ. ಭಾನುವಾರ ಬೆಳಿಗ್ಗೆ ಚಾಚಾ ನನಗೆ ಫೋನ್ ಮಾಡಿ, ತಂಗೀ, ಅಮ್ಮಾರು ಮೇಲೆ ಸಂಡಿಗೆ ಇಡ್ತೀನಿ ಅಂತಾರೆ, ಏನ್ ಹೇಳ್ಲಿ ಅಂದರು. ಏಣಿ ಹಿಡ್ಕೋ ಚಾಚಾ ಅಂದೆ.

ನಾನು ಮಧ್ಯಾಹ್ನ ಚಾಚಾಗೆ ಊಟ ತಗೊಂಡು ಹೋಗುವಷ್ಟರಲ್ಲಿ ಮುಚ್ಚಳ ತುಂಬಿತ್ತು. ಎದುರು ಮನೆಯವರ ಹಪ್ಪಳ, ಮೂಲೆ ಮನೆಯವರ ಮೆಣಸಿನಕಾಯಿ, ನಡುವೆ ಅಮ್ಮಾರ ಸಂಡಿಗೆ. ಚಾಚಾಗೆ ಊಟ ಆಗಲೇ ಆಗಿತ್ತು, ಅದೂ ಎರಡು ಮನೆಯಿಂದ. ಅವರು ಸಂಡಿಗೆ ಹಿಟ್ಟು ಬಾಯಿಗಿಟ್ಟು ಉಪ್ಪು ಸಾಲದು ಅಂತ ತೀರ್ಪು ಕೊಡ್ತಿದ್ದರು, ಹೆಂಗಸರು ನಂಬುತ್ತಿದ್ದರು. ಸಾಹೇಬರು ಮಾತ್ರ ಗೇಟಿನೊಳಗೆ ನಿಂತು ಹೆಂಡತಿಗೆ ನಿಯಮ ಹೇಳುತ್ತಿದ್ದರು. ಪರ್ಮಿಟ್‌ನಲ್ಲಿ ಬರೆದಿರೋದು ಒಂದೇ ಸರಕು, ಬೇರೆ ಸರಕು ಹೇರಿದರೆ ಅದು ಉಲ್ಲಂಘನೆ ಅಂತ.

ಅಮ್ಮಾರು ಏಣಿ ಮೇಲಿಂದ ತಿರುಗದೆಯೇ, “ಪರ್ಮಿಟ್ ಮುಗಿದೈತೆ ಅಂತ ನೀವೇ ಹೇಳಿದ್ರಲ್ಲ. ಇಲ್ಲದಿರೋ ಪರ್ಮಿಟ್‌ನ ಹೆಂಗ್ರಿ ಉಲ್ಲಂಘಿಸೋದು?” ಅಂದರು.

ಸಾಹೇಬರು ಒಳಗೆ ಹೋದರು. ಇಷ್ಟು ವರ್ಷ ಆ ಮನುಷ್ಯನ ಎದುರು ಏನು ಮಾತಾಡಬೇಕು ಅಂತ ನನಗೆ ಗೊತ್ತಾಗಿರಲಿಲ್ಲ. ಹೇಳಿಕೊಡುವವರು ಇಲ್ಲೇ ಇದ್ದರು.

ಸೋಮವಾರ ಅರ್ಜಿ ಹಾಕಿದೆ. ಈಗೆಲ್ಲ ಆನ್‌ಲೈನು. ಬೆಂಚಿನ ಮೇಲೆ ಕೂರೋ ಬದಲು ಕಂಪ್ಯೂಟರ್ ಮುಂದೆ ಕೂರಬೇಕು, ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ ಅನ್ನೋ ಬದಲು ಸರ್ವರ್ ಡೌನ್ ಅಂತ ಬರುತ್ತೆ. ಸಂಜೆಗೆ ಉತ್ತರ ಬಂತು. ಗಾಡಿ ರಸ್ತೆಯಲ್ಲಿ ನಿಂತುಬಿಟ್ಟಿರೋದರಿಂದ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಬಂದು ಮತ್ತೆ ಅಳತೆ ಮಾಡಿ ವರದಿ ಕೊಡಬೇಕು, ಆಮೇಲೆ ಹೊಸ ಪರ್ಮಿಟ್.

ಮಂಗಳವಾರ ಇನ್‌ಸ್ಪೆಕ್ಟರ್ ಬಂದರು. ಎಳೆ ವಯಸ್ಸಿನವರು, ಹೊಸ ಟೇಪು. ಅಷ್ಟರಲ್ಲಿ ಹೆಂಗಸರು ಸಂಡಿಗೆಯಿಂದ ಶಾವಿಗೆಗೆ ಏರಿದ್ದರು. ಮುಚ್ಚಳದ ಮೇಲೆ ಇಟ್ಟಿಗೆ ಒಟ್ಟಿ, ಅದರ ಮೇಲೆ ಉದ್ದುದ್ದ ಕೋಲು ಅಡ್ಡ ಇಟ್ಟು, ಹಸಿ ಶಾವಿಗೆ ಇಳಿಬಿಟ್ಟಿದ್ದರು. ಕೋಲುಗಳು ತೊಟ್ಟಿಯಿಂದ ಆಚೆಗೆ ಎರಡೂ ಕಡೆ ಚಾಚಿದ್ದವು. ಇನ್‌ಸ್ಪೆಕ್ಟರ್ ಪ್ರಾಮಾಣಿಕರು. ಕೋಲಿನ ಈ ತುದಿಯಿಂದ ಆ ತುದಿಗೆ ಟೇಪು ಹಿಡಿದರು. ನೀವು ಬರೆದದ್ದಕ್ಕಿಂತ ಅಗಲವೂ ಜಾಸ್ತಿ ಐತೆ, ಎತ್ತರವೂ ಜಾಸ್ತಿ ಐತೆ, ಇದಕ್ಕೆ ಹೊಸದಾಗಿ ಕರೆಂಟಿನವರ ಒಪ್ಪಿಗೆ ಬೇಕಾಗುತ್ತೆ ಅಂದರು. ಅದು ಶಾವಿಗೆ ಸಾರ್ ಅಂದೆ. ಏನೇ ಇರಲಿ, ಗಾಡಿ ಮೇಲಿರೋದು ಲೋಡೇ ಅಂದರು.

ತೆಗೀರಿ ಅಂತ ನಾನು ಅಮ್ಮಾರನ್ನು ಕೇಳಿಕೊಂಡೆ. ಅವರು ಒಂದು ಎಳೆ ಮುಟ್ಟಿ ನೋಡಿ, ಇನ್ನೂ ಹಸಿ ಐತೆ, ಈಗ ಎತ್ತಿದರೆ ಎಲ್ಲಾ ತುಂಡಾಗುತ್ತೆ, ಬಿಸಿಲು ಏರಲಿ ಅಂದರು. ಇನ್‌ಸ್ಪೆಕ್ಟರ್, ನನಗೆ ಬೇರೆ ಕೆಲಸ ಐತೆ ಅಂದರು. ಅಳತೆ ಹಂಗೇ ಬರೆದುಕೊಂಡು ಹೋದರೆ ಇನ್ನೊಂದು ವಾರ ಗಾಡಿ ಅಲ್ಲೇ ಅಂತ ನನಗೆ ಗೊತ್ತಿತ್ತು. ಸಾಹೇಬರಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅವರು ಶರ್ಟು ಹಾಕಿಕೊಂಡು ಗೇಟಿನಿಂದ ಅಡ್ಡಡ್ಡ ನುಸುಳಿ ಬಂದರು. ತಾವು ಯಾವ ಕುರ್ಚಿಯಲ್ಲಿದ್ದವರು ಅಂತ ಹೇಳಿದರು. ಇನ್‌ಸ್ಪೆಕ್ಟರ್ ನೆಟ್ಟಗೆ ನಿಂತರು. ಈಗ ಪುಸ್ತಕ ಬಿಚ್ಚಿದಂಗೆ ನಿಯಮ ಹೇಳ್ತಾರೆ ಅಂತ ನಾನು ಕಾದೆ.

ಸಾಹೇಬರು ಒಂದು ಸಲ ಶಾವಿಗೆ ನೋಡಿದರು, ಒಂದು ಸಲ ಹೆಂಡತಿಯನ್ನು ನೋಡಿದರು.

“ಒಣಗೋ ತನಕ ಕೂಡ್ರಿ,” ಅಂದರು. “ಕಾಫಿ ಕುಡೀರಿ.”

ಆ ಬಾಯಿಂದ ಕಾಫಿ ಅನ್ನೋ ಮಾತು ಬಂದದ್ದಕ್ಕೆ ನನಗೆ ಕೆಮ್ಮು ಬಂತು. ಕೆಮ್ಮಿನಲ್ಲಿ ನಗು ಇರೋದನ್ನು ಅವರು ಕಂಡುಹಿಡಿದು ಕಣ್ಣು ಬಿಟ್ಟರು. ಎಲ್ಲರೂ ವರಾಂಡದಲ್ಲಿ ಕೂತೆವು. ಒಂದು ಸರಕಾರಿ ಅಳತೆ ಶಾವಿಗೆ ಒಣಗಲಿ ಅಂತ ಕಾದಿತ್ತು. ಬಿಸಿಲು ನೆತ್ತಿಗೆ ಬಂದಾಗ ಅಮ್ಮಾರು ಆಯಿತು ಅಂದರು. ಕೋಲುಗಳನ್ನು ಇಳಿಸಿದೆವು. ಟೇಪಿನ ಇನ್ನೊಂದು ತುದಿ ಹಿಡಿದವರು ಸಾಹೇಬರೇ. ಇನ್‌ಸ್ಪೆಕ್ಟರ್ ಹೋಗುವಾಗ ಅವರ ಸ್ಕೂಟರಿಗೆ ಒಂದು ಪೊಟ್ಟಣ ಶಾವಿಗೆ ನೇತು ಹಾಕಿಸೋಕೆ ಅಮ್ಮಾರು ನೋಡಿದರು. ಅದಕ್ಕೆ ಮಾತ್ರ ಸಾಹೇಬರು ಬಿಲ್‌ಕುಲ್ ಒಪ್ಪಲಿಲ್ಲ.

ಗುರುವಾರಕ್ಕೆ ಪರ್ಮಿಟ್ ಸಿಕ್ಕಿತು. ಬೆಳಿಗ್ಗೆ ಚಾಚಾ ಇಂಜಿನ್ ಶುರು ಮಾಡಿದಾಗ ಬೀದಿಯ ಹೆಂಗಸರೆಲ್ಲ ಹೊರಗಿದ್ದರು. ತವರಿಗೆ ಬಂದ ಮಗಳನ್ನು ಕಳಿಸೋ ಮುಖ ಮಾಡಿಕೊಂಡಿದ್ದರು, ಒಬ್ಬರಂತೂ ಮೆಣಸಿನಕಾಯಿ ಇನ್ನೊಂದು ಬಿಸಿಲು ಕಾಣಬೇಕಿತ್ತು ಅಂತ ನನ್ನ ಮೇಲೇ ಸಿಟ್ಟಾದರು. ಸಾಹೇಬರು ಜೀಪಿನ ಹತ್ತಿರ ಬಂದು, ಊರಾಚೆ ಒಂದು ಮೋರಿ ಐತೆ, ಅದು ಹಳೇದು, ನಾನು ನೋಡಬೇಕು ಅಂತ ಹೇಳಿ ಮುಂದಿನ ಸೀಟಿನಲ್ಲಿ ಕೂತರು. ಬ್ಯಾಡ ಅನ್ನೋಕೆ ನನಗೆ ಧೈರ್ಯ ಸಾಲಲಿಲ್ಲ. ಮೋರಿ ಹತ್ತಿರ ಇಳಿದು, ಪ್ಯಾಂಟು ಮಡಚಿ ಕೆಳಗೆ ಹೋಗಿ, ಕಲ್ಲುಗಳನ್ನು ತಟ್ಟಿ ನೋಡಿ ಬಂದು ಕೈ ಬೀಸಿದರು. ಗಾಡಿ ದಾಟಿತು. ಅಲ್ಲಿಂದ ವಾಪಸ್ ಹೋಗ್ತಾರೆ ಅಂದುಕೊಂಡೆ. ಮತ್ತೆ ಬಂದು ಸೀಟಿನಲ್ಲೇ ಕೂತರು.

ಕುಕ್ಕುವಾಡ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಅಲ್ಲಿ ನೋಡಿದರೆ ಬೆಲ್ಲದ ಘಟಕದ ಗೋಡೆ ಎದ್ದಿದೆ, ಶೀಟು ಹಾಕಿಯಾಗಿದೆ, ಬಾಗಿಲೂ ಕೂರಿಸಿಯಾಗಿದೆ. ತೊಟ್ಟಿ ಮಾತ್ರ ಬಾಗಿಲಿಗಿಂತ ಅಗಲ. ಬಾಗಿಲಿಗೆ ಅಂತ ಮಾಲೀಕರು ಗಾರೆಯವರಿಗೆ ತೊಟ್ಟಿಯ ಒಳಗಿನ ಅಳತೆ ಕೊಟ್ಟಿದ್ದರು, ಅಂಚು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹರಿಹರದಿಂದ ಇಲ್ಲಿಯ ತನಕ ಇಷ್ಟೆಲ್ಲ ಆಫೀಸುಗಳು ಈ ತೊಟ್ಟಿಯನ್ನು ಅಳೆದಿದ್ದವು, ಆ ಬಾಗಿಲನ್ನು ಅಳೆಯೋದು ಯಾವ ಇಲಾಖೆಯ ಕೆಲಸವೂ ಆಗಿರಲಿಲ್ಲ.

ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂತರು. ಸಾಹೇಬರು ಗೋಡೆಯ ಸುತ್ತ ಒಂದು ಸುತ್ತು ಬಂದರು. ಯಾವ ಕಂಬ ಮುಟ್ಟಬಾರದು, ಎಲ್ಲಿಂದ ಎಲ್ಲಿಗೆ ಒಡೆದರೆ ಶೀಟು ಬೀಳಲ್ಲ ಅಂತ ಸುಣ್ಣದ ಕಲ್ಲಿನಿಂದ ಗೆರೆ ಎಳೆದರು. ಆಮೇಲೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡರು. ಚಾಚಾ ಸುತ್ತಿಗೆ ಹಿಡಿದರು, ನಾನು ಇಟ್ಟಿಗೆ ಎತ್ತಿ ಹಾಕಿದೆ. ಹೊಸ ಗೋಡೆ ಆದ್ದರಿಂದ ಬೇಗ ಬಿತ್ತು.

ನಡುವೆ ಸಾಹೇಬರ ಫೋನ್ ಹೊಡೆದುಕೊಂಡಿತು. ಅಮ್ಮಾರು, ಊಟಕ್ಕೆ ಬರ್ತೀರಾ ಅಂತ. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

“ನೀನು ಉಂಡುಬಿಡು,” ಅಂದರು. “ನಾವು ಒಬ್ಬರ ಗೋಡೆ ಒಡೀತಾ ಇದ್ದೀವಿ.”

ಅತ್ತ ಕಡೆಯಿಂದ ಏನು ಮಾತು ಬಂತೋ, ಅವರು ನಕ್ಕರು. ಅವರ ಹಲ್ಲು ನೋಡಿದ್ದು ನಾನು ಅದೇ ಮೊದಲು. ಆಮೇಲೆ ಫೋನು ಜೇಬಿಗಿಟ್ಟು, ಎಡಗಡೆ ಇನ್ನೂ ಎರಡು ಸಾಲು ತೆಗೀರಿ ಅಂತ ಚಾಚಾಗೆ ಕೂಗಿ ಹೇಳಿದರು.